ನಿಲ್ಲಿಸು ಎನ್ನುವ ಕೈ

ಹಳೇನಗರ, ಭದ್ರಾವತಿ
6 ನವೆಂಬರ್ 1960

ಚಿ. ಸೌ. ಜಗದಾಂಬಾಳಿಗೆ,

ನಿನ್ನ ಅಪ್ಪನ ಆಶೀರ್ವಾದ. ಅಳಿಯಂದಿರು ವೀರಪ್ಪನವರಿಗೂ ತಿಳಿಸು. ಅಕ್ಷರ ಇರುವೆಯಷ್ಟಾಗಿದೆ ಎಂದು ಬೈಯಬೇಡ. ದೊಡ್ಡದಾಗಿ ಬರೆಯಬೇಕೆಂದೇ ಶುರು ಮಾಡುತ್ತೇನೆ, ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಅದು ತಾನಾಗಿ ಕುಗ್ಗಿಬಿಡುತ್ತದೆ. ಶಿವಮೊಗ್ಗದ ಡಾಕ್ಟರು ಇದಕ್ಕೂ ಕೈ ನಡುಕಕ್ಕೂ ಸೇರಿಸಿ ಪಾರ್ಕಿನ್ಸನ್ ಎಂದರು. ಅದಕ್ಕೆ ಮೊದಲು ನಮ್ಮ ಪಂಡಿತರು ಕಂಪವಾತ ಎಂದಿದ್ದರು. ಹೆಸರು ಎರಡಾಯಿತು, ನಡುಕ ಇದ್ದಷ್ಟೇ ಇದೆ.

ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರುವುದು ವಾಡಿಕೆ. ನಮ್ಮಲ್ಲಿ ತವರೇ ಗಂಟುಮೂಟೆ ಕಟ್ಟಿಕೊಂಡು ಮಗಳ ಮನೆಗೆ ಹೋಯಿತು. ದೀಪಾವಳಿಗೆ ಬಂದವಳು ಎರಡು ರಾತ್ರಿ ಇದ್ದೆ, ಮೂರನೆಯ ಬೆಳಿಗ್ಗೆ ನಿನ್ನ ಅಮ್ಮನ ಸೀರೆಗಳನ್ನು ನೀನೇ ಮಡಚಿ ಚೀಲಕ್ಕೆ ಹಾಕಿದೆ. ಹೆರಿಗೆಗೆ ಸಹಾಯ ಬೇಕು ಎಂದೆ. ಹೆರಿಗೆಗೆ ಇನ್ನೂ ನಾಲ್ಕು ತಿಂಗಳಿದೆ ಮಗಳೇ, ಲೆಕ್ಕ ನನಗೂ ಬರುತ್ತದೆ.

ನಾನೇನು ತಪ್ಪು ಮಾಡಿದೆ ಎಂದು ಯೋಚಿಸಿ ಯೋಚಿಸಿ ಸೋತಿದ್ದೇನೆ. ಸುಭದ್ರೆ ಹೊರಡುವಾಗ ಸೆರಗನ್ನು ಮುಖದ ತುಂಬ ಎಳೆದುಕೊಂಡಿದ್ದಳು. ಚಳಿ ಎಂದುಕೊಂಡೆ. ಬಾಗಿಲವರೆಗೆ ಬಂದು ಮಾತಾಡಿಸಬೇಕೆಂದು ಎದ್ದೆ, ಹೊಸಿಲ ಹತ್ತಿರ ಕಾಲು ನೆಲಕ್ಕೆ ಅಂಟಿಕೊಂಡುಬಿಟ್ಟಿತು. ಈಚೆಗೆ ಹೀಗಾಗುತ್ತದೆ. ಅದು ಬಿಡುವಷ್ಟರಲ್ಲಿ ನಿಮ್ಮ ಜಟಕಾ ಬೀದಿ ದಾಟಿತ್ತು.

ಊಟದ ಚಿಂತೆ ಬೇಡ. ಪಕ್ಕದ ಮನೆಯ ವಿಶಾಲಮ್ಮ ಎರಡು ಹೊತ್ತೂ ತಂದಿಡುತ್ತಾರೆ. ಸಂಜೆ ಪೀರ್ ಬಾಷಾ ಬಂದು ಕೂರುತ್ತಾನೆ. ಕಾರ್ಖಾನೆಯಲ್ಲಿ ಇದ್ದ ಹಾಗೇ ಇಬ್ಬರೂ ಮಾತಿಲ್ಲದೆ ಕೂತು ಬೀದಿ ನೋಡುತ್ತೇವೆ. ಈ ಕಾಗದವನ್ನು ನಮ್ಮ ಬೀದಿಯ ಅಂಚೆಯ ಪುಟ್ಟಪ್ಪನ ಕೈಗೇ ಕೊಡುತ್ತೇನೆ. ನಿನ್ನ ಅಮ್ಮನಿಗೆ ಓದಿ ಹೇಳು. ಅವಳಿಗೆ ಓದು ಕಲಿಸಬೇಕೆಂದು ಮದುವೆಯಾದ ವರ್ಷ ಹಲಗೆ ಬಳಪ ತಂದಿದ್ದೆ, ಅದು ಅಷ್ಟಕ್ಕೇ ನಿಂತಿತು.

ನಿನ್ನ ಅಪ್ಪ,
ಏಕಾಂತಪ್ಪ

•

ದುರ್ಗಿಗುಡಿ, ಶಿವಮೊಗ್ಗ
22 ನವೆಂಬರ್ 1960

ತಂದೆಯವರಿಗೆ ಜಗದಾಂಬಾಳ ನಮಸ್ಕಾರಗಳು.

ತಪ್ಪೇನು ಎಂದು ಕೇಳಿದ್ದೀರಿ. ಬಾಯಲ್ಲಿ ಹೇಳಲಾಗದ್ದನ್ನು ಬರೆಯುತ್ತೇನೆ.

ಹಬ್ಬದ ಎರಡನೆಯ ರಾತ್ರಿ ನಿಮ್ಮ ಕೂಗಿಗೆ ನನಗೆ ಎಚ್ಚರವಾಯಿತು. ಎರಡು ವರ್ಷದಿಂದ ನಿಮ್ಮ ದನಿ ಪಕ್ಕದಲ್ಲಿ ಕೂತವರಿಗೇ ಕೇಳುವುದಿಲ್ಲ. ಆವತ್ತು ಇಡೀ ಮನೆಗೆ ಕೇಳಿತು. “ಹೋಗೇ ಆಚೆ! ಅಲ್ಲಿ ನಿಲ್ಲಬೇಡ, ಹೋಗೇ!” ಹಿಂದೆಯೇ ಏಟು ಬಿದ್ದ ಸದ್ದು. ದೀಪ ಹಾಕಿ ಬಾಗಿಲಿಗೆ ಬಂದರೆ ಅಮ್ಮ ಹಾಸಿಗೆಯ ಮೇಲೆ ಕಣ್ಣು ಹಿಡಿದುಕೊಂಡು ಕೂತಿದ್ದರು. ನೀವು ಏನೂ ಆಗದವರಂತೆ ಮಲಗಿದ್ದಿರಿ. ಸುಮ್ಮನಿರು ಎಂದು ಅಮ್ಮ ನನಗೆ ಬೆರಳಲ್ಲಿ ಸನ್ನೆ ಮಾಡಿದರು.

ಬೆಳಿಗ್ಗೆ ನೀವೇ ಅವರ ಮುಖ ನೋಡಿ ಕಣ್ಣಿಗೇನಾಯ್ತು ಎಂದು ಕೇಳಿದಿರಿ. ಕತ್ತಲಲ್ಲಿ ಬಚ್ಚಲ ನಲ್ಲಿ ಬಡಿಯಿತು ಎಂದು ಅವರು ಹೇಳಿದರು. ನೀವು ಅಯ್ಯೋ ಎಂದಿರಿ. ಹೊಡೆದದ್ದಕ್ಕಿಂತ ಆ ಅಯ್ಯೋ ನನಗೆ ಹೆಚ್ಚು ಸಿಟ್ಟು ತರಿಸಿತು.

ನಿಮಗೆ ಕಾಯಿಲೆ ಎಂಬುದು ನನಗೆ ಗೊತ್ತು. ಕಾಫಿ ಲೋಟ ಎತ್ತಲಾಗದೆ ನೀವು ಒದ್ದಾಡುವುದನ್ನು ಕಂಡು ಅತ್ತಿದ್ದೇನೆ. ನಿಮ್ಮ ಅಂಗಿಯ ಗುಂಡಿಗಳನ್ನು ನಾನೇ ಹಾಕಿದ್ದೇನೆ. ಆದರೆ ಹಗಲೆಲ್ಲ ನಡುಗುವ ಕೈ ರಾತ್ರಿ ಹೆಂಡತಿಯ ಮುಖಕ್ಕೆ ಗುರಿ ತಪ್ಪದೆ ಬೀಳುತ್ತದೆ ಎಂದರೆ ಅದನ್ನು ಕಾಯಿಲೆ ಎಂದು ನಾನು ಹೇಗೆ ನಂಬಲಿ? ಆವತ್ತು ನಿಮ್ಮ ಕೈ ನಡುಗಲಿಲ್ಲ, ದನಿ ನಡುಗಲಿಲ್ಲ.

ಅಮ್ಮನ ಬೆನ್ನ ಮೇಲೆ, ತೋಳಿನ ಮೇಲೆ ಹಳೆಯ ಕಲೆಗಳೂ ಇವೆ. ಸ್ನಾನಕ್ಕೆ ನೀರು ಹಾಕುವಾಗ ನೋಡಿದೆ. ಕೇಳಿದರೆ “ಅವರದೇನೂ ತಪ್ಪಿಲ್ಲ ಕಣೇ, ಅದು ನನ್ನ ಪಾಲಿಂದು” ಎನ್ನುತ್ತಾರೆ. ಇಲ್ಲಿ ಅವರು ಬೆಳಗಿನವರೆಗೆ ನಿದ್ದೆ ಮಾಡುತ್ತಿದ್ದಾರೆ. ಸದ್ಯಕ್ಕೆ ಕಳಿಸುವುದಿಲ್ಲ.

ಇತಿ,
ಜಗದಾಂಬಾ

•

ಹಳೇನಗರ, ಭದ್ರಾವತಿ
9 ಡಿಸೆಂಬರ್ 1960

ಜಗದಾಂಬಾ,

ಇದನ್ನು ಬರೆಯಲು ಮೂರು ದಿನ ಹಿಡಿಯಿತು.

ನನಗೆ ಗೊತ್ತಿರಲಿಲ್ಲ. ಇದಕ್ಕಿಂತ ಬೇರೆ ಮಾತು ಇಲ್ಲ, ನಂಬುವುದು ಬಿಡುವುದು ನಿನಗೆ ಸೇರಿದ್ದು. ನಲ್ಲಿ ಬಡಿಯಿತು ಎಂದಳು, ಕಟ್ಟಿಗೆ ತಾಗಿತು ಎಂದಳು, ಬಾಗಿಲು ಎಂದಳು. ಒಂದು ವರ್ಷ, ಎರಡು ವರ್ಷ, ನಾನು ನಂಬಿದೆ. ನಿನ್ನ ಕಣ್ಣು ಮಂಜಾಗಿದೆ, ಡಾಕ್ಟರಿಗೆ ತೋರಿಸೋಣ ಎಂದು ಅವಳನ್ನೇ ರೇಗಿಸಿದ್ದೆ. ಅದು ನೆನಪಾಗಿ ಅನ್ನ ಇಳಿಯುವುದಿಲ್ಲ.

ಇಪ್ಪತ್ತಾರು ವರ್ಷ ಕಾರ್ಖಾನೆಯಲ್ಲಿ ಕ್ರೇನಿಗೆ ಕೈಸನ್ನೆ ಕೊಡುವ ಕೆಲಸ ಮಾಡಿದವನು ನಾನು. ಕಾದ ಕಬ್ಬಿಣ ತಲೆಯ ಮೇಲೆ ಹೋಗುವಾಗ ಕೆಳಗಿದ್ದ ಜನರೆಲ್ಲ ನನ್ನ ಕೈ ನಂಬಿ ನಿಂತಿದ್ದರು. ನನ್ನ ಕೈಕೆಳಗೆ ಒಬ್ಬರ ಉಗುರೂ ಮುರಿದಿಲ್ಲ. ಆ ಕೈ ಕಡೆಗೆ ಯಾರ ಮೇಲೆ ಬಿತ್ತು ನೋಡು.

ಪೀರ್ ಬಾಷಾನಿಗೆ ರಾತ್ರಿ ಇಲ್ಲೇ ಮಲಗಲು ಹೇಳಿದ್ದೇನೆ. ನಿದ್ದೆಯಲ್ಲಿ ನಾನು ಏನಾಗುತ್ತೇನೆ ಎಂದು ಯಾರಾದರೂ ನೋಡಿ ನನಗೆ ಹೇಳಬೇಕು. ಅಲ್ಲಿಯವರೆಗೆ ನಿನ್ನ ಅಮ್ಮನನ್ನು ಕಳಿಸಬೇಡ. ನೀನು ಕರೆದುಕೊಂಡು ಹೋದದ್ದು ಸರಿ.

ಅಪ್ಪ

•

ಹಳೇನಗರ, ಭದ್ರಾವತಿ
27 ಜನವರಿ 1961

ಬೇಟಿ ಜಗದಾಂಬಾಳಿಗೆ ಪೀರ್ ಚಾಚಾ ಮಾಡುವ ದುವಾ.

ನಾನು ಕನ್ನಡ ಶಾಲೆಯಲ್ಲಿ ನಾಲ್ಕನೇ ಇಯತ್ತೆಯವರೆಗೆ ಓದಿದವನು. ತಪ್ಪಿದ್ದರೆ ಮೇಡಂ ಆದ ನೀನು ತಿದ್ದಿಕೊಂಡು ಓದು. ಕಾಗದದಲ್ಲಿ ನೀನು ಬರೆದದ್ದನ್ನೆಲ್ಲ ಏಕಾಂತಣ್ಣ ನನಗೆ ತೋರಿಸಿದರು. ಅವರಿಗೆ ಮುಚ್ಚಿಡಲು ಬರುವುದಿಲ್ಲ.

ಹನ್ನೊಂದು ರಾತ್ರಿ ಅವರ ಮಂಚದ ಪಕ್ಕ ಕೂತಿದ್ದೆ. ಮೊದಲ ಎರಡು ರಾತ್ರಿ ಏನೂ ಇಲ್ಲ. ಮೂರನೆಯ ರಾತ್ರಿ ಮೂರು ಗಂಟೆಯ ಹೊತ್ತಿಗೆ ಅವರ ಬಲಗೈ ಮೇಲೆದ್ದಿತು, ಅಂಗೈ ಮೇಲೆ ಮಾಡಿ, ಬೆರಳು ಮಡಚಿ ಬಿಚ್ಚಿ. ಬೇಟಿ, ಅದು “ಎತ್ತು” ಎನ್ನುವ ಸನ್ನೆ.

ನಿನಗೆ ಆ ಕೆಲಸ ಹೇಗೆಂದು ಗೊತ್ತಿಲ್ಲ, ಹೇಳುತ್ತೇನೆ. ನಾನು ಮೂವತ್ತು ಅಡಿ ಮೇಲೆ ಕ್ರೇನಿನ ಪೆಟ್ಟಿಗೆಯಲ್ಲಿ ಕೂರುತ್ತಿದ್ದೆ. ಆ ಗದ್ದಲದಲ್ಲಿ ಮಾತು ಯಾರಿಗೂ ಕೇಳುವುದಿಲ್ಲ, ಹೊಗೆಯಲ್ಲಿ ಕೆಳಗೆ ಯಾರಿದ್ದಾರೆ ಎಂದು ನನಗೆ ಕಾಣುವುದಿಲ್ಲ. ಏಕಾಂತಣ್ಣನ ಕೈ ಒಂದೇ ನನಗೆ ಆಧಾರ. ಅಂಗೈ ಮೇಲಾದರೆ ಎತ್ತು, ಕೆಳಗಾದರೆ ಇಳಿಸು. ತೋಳು ಚಾಚಿ ಅಡ್ಡಕ್ಕೆ ಜೋರಾಗಿ ಬೀಸಿದರೆ ನಿಲ್ಲಿಸು, ಕೆಳಗೆ ಮನುಷ್ಯರಿದ್ದಾರೆ ಎಂದರ್ಥ. ಭಾರ ನೆಲ ಮುಟ್ಟಿದ ಮೇಲೆ ನಾನು ಕಾಲಿನಿಂದ ಗಂಟೆ ಎರಡು ಸಲ ಬಡಿಯುತ್ತಿದ್ದೆ. ಆಗ ಅವರು ಕೈ ಇಳಿಸುತ್ತಿದ್ದರು. ಹತ್ತೊಂಬತ್ತು ವರ್ಷ ನಾವಿಬ್ಬರೂ ಹೀಗೆ ಮಾತಾಡಿದವರು. ಮನೆಯಲ್ಲಿ ನಿನ್ನ ಚಾಚಿ ಮೆಹಬೂಬ್ ಬೀ ಜೊತೆ ನಾನು ಅಷ್ಟು ಮಾತಾಡಿಲ್ಲ.

ಕಡೆಯ ವರ್ಷ ಅವರ ಕೈಬೀಸು ಸಣ್ಣದಾಗುತ್ತ ಬಂತು. ಎತ್ತು ಎಂದರೋ ಇಳಿಸು ಎಂದರೋ ಮೇಲಿನಿಂದ ನನಗೆ ತಿಳಿಯದೆ ಹೋಯಿತು. ನಾನು ಯಾರಿಗೂ ಹೇಳಲಿಲ್ಲ. ಅವರೇ ಒಂದು ದಿನ ಮೇಸ್ತ್ರಿ ಗೋವಿಂದಯ್ಯನವರ ಹತ್ತಿರ ಹೋಗಿ “ನನ್ನ ಕೈ ಇನ್ನು ನಂಬಬೇಡಿ” ಎಂದು ಕೆಲಸ ಬಿಟ್ಟು ಬಂದರು.

ಆದರೆ ನಿದ್ದೆಯಲ್ಲಿ ಅವರ ಕೈ ಹದಿನೈದು ವರ್ಷದ ಹಿಂದಿನ ಕೈ. ನಡುಕ ಇಲ್ಲ, ಕುಗ್ಗು ಇಲ್ಲ. ನೀನು ಬರೆದದ್ದು ನಿಜ. ಅದು ಯಾಕೆ ಹಾಗೆ ಎಂದು ಕೇಳಿದರೆ ನನಗೆ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿರಲಾರದು. ನೋಡುತ್ತ ನನಗೆ ಅಳು ಬಂತು.

ಏಳನೆಯ ರಾತ್ರಿ ಅವರು ಕೂಗಿದರು. ನೀನು ಕೇಳಿದ ಮಾತೇ. “ಹೋಗೇ ಆಚೆ, ಅಲ್ಲಿ ನಿಲ್ಲಬೇಡ.” ಕೂಗುತ್ತಲೇ ಎಡಗೈಯನ್ನು ಅಡ್ಡಕ್ಕೆ ಬೀಸಿದರು. ಎಡಕ್ಕೆ ಕೂತಿದ್ದ ನನ್ನ ಕಿವಿಯ ಮೇಲೆ ಬಿತ್ತು. ಇನ್ನೂ ಗುಂಯ್ ಎನ್ನುತ್ತಿದೆ. ತಕ್ಷಣ ಅವರನ್ನು ಎಬ್ಬಿಸಿದೆ. ಏನು ಕಂಡಿರಿ ಎಂದು ಕೇಳಿದೆ. ಬೆವರಿ ನೀರಾಗಿದ್ದರು. “ಸುಭದ್ರೆ ಊಟದ ಕ್ಯಾರಿಯರ್ ಹಿಡ್ಕೊಂಡು ಭಾರದ ಕೆಳಗೇ ನಿಂತಿದಾಳೆ ಪೀರಾ, ಎಷ್ಟು ಕೂಗಿದ್ರೂ ಮೇಲೆ ನೋಡ್ತಿಲ್ಲ” ಎಂದರು.

ಅತ್ತಿಗೆಯವರು ಅವರ ಎಡಕ್ಕೆ ಮಲಗುತ್ತಿದ್ದರು. ಅವರ ಮುಖಕ್ಕೆ ಬಿದ್ದ ಕೈ ಅವರನ್ನು ಉಳಿಸಲು ನನಗೆ ನಿಲ್ಲಿಸು ಎನ್ನುತ್ತಿದ್ದ ಕೈ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಿಮ್ಮ ಹಿರಿಯರೇ ಹೇಳಿದ್ದಾರೆ. ನೀನು ನೋಡಿದ್ದು ಸುಳ್ಳಲ್ಲ, ಆ ಸನ್ನೆ ಓದಲು ನಿನಗೆ ಬರುವುದಿಲ್ಲ ಅಷ್ಟೆ. ಈ ಕಾಗದವನ್ನು ಅತ್ತಿಗೆಗೆ ಓದಿ ಹೇಳಮ್ಮ. ಬೇರೇನೂ ಕೇಳುವುದಿಲ್ಲ.

ನಿನ್ನ ಚಾಚಾ,
ಪೀರ್ ಬಾಷಾ

•

ದುರ್ಗಿಗುಡಿ, ಶಿವಮೊಗ್ಗ
15 ಮಾರ್ಚ್ 1961

ಪೀರ್ ಚಾಚಾ ಅವರಿಗೆ,

ಉತ್ತರ ತಡವಾಯಿತು. ಫೆಬ್ರವರಿ ಇಪ್ಪತ್ತಕ್ಕೆ ಗಂಡು ಮಗುವಾಯಿತು. ಅಪ್ಪನಿಗೆ ಹಾಕಿದ ಕಾರ್ಡು ಸೇರಿರಬೇಕು.

ಸ್ನೇಹಿತನನ್ನು ಬಿಟ್ಟುಕೊಡಬಾರದು ಎಂಬ ನಿಮ್ಮ ಮನಸ್ಸು ನನಗೆ ಅರ್ಥವಾಗುತ್ತದೆ. ನಾನು ಚಿಕ್ಕವಳಿದ್ದಾಗ ಅಪ್ಪನ ಪರವಾಗಿ ನೀವು ಎಷ್ಟು ಸಲ ಅಮ್ಮನ ಹತ್ತಿರ ವಕಾಲತ್ತು ಮಾಡಿಲ್ಲ! ಆದರೆ ಮಲಗಿದವರ ಕೈಯಾಟದಲ್ಲಿ ಇಷ್ಟೊಂದು ಅರ್ಥ ಇರುತ್ತದೆ ಎಂದರೆ ನಂಬುವುದು ಕಷ್ಟ. ಇಲ್ಲಿನ ಡಾಕ್ಟರನ್ನೂ ಕೇಳಿದೆ. ಕೈಕಾಲು ನಡುಗುವುದಕ್ಕೆ ಮಾತ್ರೆ ಇದೆ, ಕನಸಿಗೆ ತಮ್ಮ ಬಳಿ ಏನೂ ಇಲ್ಲ ಎಂದು ನಕ್ಕರು.

ಅಮ್ಮ ಇಲ್ಲಿ ಸುಖವಾಗಿದ್ದಾರೆ. ಬೆಳಿಗ್ಗೆ ಪೂಜೆ, ಆಮೇಲೆ ಮಗುವಿನ ಎಣ್ಣೆ ನೀರು. ಮುಖದ ಮೇಲೆ ಒಂದು ಕಲೆಯೂ ಇಲ್ಲ. ಈಗ ಆ ವಿಷಯ ತೆಗೆದು ಮತ್ತೆ ಅವರ ಮನಸ್ಸು ಕದಡುವುದು ಬೇಡ ಎಂದು ನನಗೆ ಅನ್ನಿಸುತ್ತದೆ. ನಾನು ಕೆಲಸಕ್ಕೆ ವಾಪಸು ಹೋಗಬೇಕು, ಮಗುವನ್ನು ನೋಡಿಕೊಳ್ಳುವವರು ಬೇರೆ ಇಲ್ಲ. ಸ್ವಲ್ಪ ದಿನ ಕಳೆಯಲಿ.

ಇತಿ,
ಜಗದಾಂಬಾ

•

ಹಳೇನಗರ, ಭದ್ರಾವತಿ
18 ಏಪ್ರಿಲ್ 1961

ಸೌ. ಸುಭದ್ರೆಗೆ,

ನನ್ನ ಕೈ ಈಗ ಹೆಸರು ಬರೆಯುವುದಕ್ಕೂ ಒಪ್ಪುತ್ತಿಲ್ಲ. ನಾನು ಹೇಳುತ್ತೇನೆ, ಪೀರಾ ಬರೆಯುತ್ತಾನೆ, ಜಗದಾಂಬಾ ನಿನಗೆ ಓದುತ್ತಾಳೆ. ಮೂವತ್ತೆರಡು ವರ್ಷದಲ್ಲಿ ನಿನಗೆ ನಾನು ಹಾಕಿಸುತ್ತಿರುವ ಮೊದಲ ಕಾಗದ. ಅದನ್ನೂ ಇಬ್ಬರು ಮೂವರು ಕೂಡಿ ಹೊರಬೇಕಾಗಿದೆ.

ಮೊಮ್ಮಗ ಯಾರ ಹಾಗಿದ್ದಾನೆ? ಅವನ ಕಿವಿ ನಮ್ಮ ಹುಡುಗ ಮಲ್ಲಿಯ ಕಿವಿಯ ಹಾಗೆ ಮುಂದಕ್ಕೆ ಬಾಗಿದೆಯೇ ಎಂದು ನೋಡಿ ಹೇಳಿಸು.

ನಾನು ನಿನಗೆ ಹೊಡೆದದ್ದು ನನಗೆ ತಿಳಿದಿರಲಿಲ್ಲ. ಯಾಕೆ ಹೊಡೆದೆ ಎಂಬುದನ್ನು ಪೀರಾ ಬರೆದಿದ್ದಾನೆ, ನಿನಗೆ ತಿಳಿದಿರುತ್ತದೆ. ನೀನು ಯಾಕೆ ನನ್ನನ್ನು ಎಬ್ಬಿಸಲಿಲ್ಲ ಎಂಬುದು ಮಾತ್ರ ಗೊತ್ತಾಗಲಿಲ್ಲ. ಒಂದು ಸಲ ಎಬ್ಬಿಸಿದ್ದರೆ ನಾನು ನಡುಮನೆಯಲ್ಲಿ ಮಲಗುತ್ತಿದ್ದೆ.

ಈಗ ದಿನಾ ರಾತ್ರಿ ಎಡಗೈಯನ್ನು ಹಳೆಯ ಪಂಚೆಯಿಂದ ಮಂಚಕ್ಕೆ ಕಟ್ಟಿಸಿಕೊಂಡು ಮಲಗುತ್ತೇನೆ. ಪೀರಾ ಬೈಯುತ್ತ ಕಟ್ಟುತ್ತಾನೆ. ನಿನಗೆ ಒಳಕೋಣೆಯಲ್ಲಿ ಬೇರೆ ಹಾಸಿಗೆ ಹಾಕಿಸಿದ್ದೇನೆ. ನಡುವೆ ಗೋಡೆ ಇದೆ, ನನ್ನ ಕೈ ಅಲ್ಲಿಗೆ ಮುಟ್ಟುವುದಿಲ್ಲ. ಬರುವ ಮನಸ್ಸಿದ್ದರೆ ಬಾ. ಇಲ್ಲದಿದ್ದರೆ ಒಂದು ಮಾತು ಬರೆಸು, ಸಾಕು. ದಿನಾ ಹನ್ನೊಂದು ಗಂಟೆಗೆ ಪುಟ್ಟಪ್ಪ ನಮ್ಮ ಬೀದಿಗೆ ಬರುತ್ತಾನೆ.

ಏಕಾಂತಪ್ಪ

•

ಹಳೇನಗರ, ಭದ್ರಾವತಿ
4 ಜುಲೈ 1961

ಬೇಟಿ ಜಗದಾಂಬಾ,

ಶನಿವಾರ ನಾನು ನಿಮ್ಮ ಮನೆಗೆ ಬಂದಾಗ ಅಮ್ಮ ಮಠಕ್ಕೆ ಹೋಗಿದ್ದಾರೆ ಎಂದು ನೀನು ಹೇಳಿದೆ. ಕೂರಿಸಿ ಚಹಾ ಕೊಟ್ಟೆ, ಬಸ್ಸಿಗೆ ಹೊತ್ತಾಯಿತಲ್ಲವೇ ಎಂದು ಗಡಿಯಾರ ನೋಡಿದೆ. ನಾನು ಹೊರಟು ಗೇಟು ದಾಟುವಾಗ ಹಿತ್ತಲಿನಿಂದ ಅತ್ತಿಗೆ ಮಗುವಿಗೆ ಜೋಗುಳ ಹೇಳುವುದು ಕೇಳಿಸಿತು. ನಿನಗೆ ಹಾಡಿದ ಜೋಗುಳವೇ. ಒಂದು ಕಿವಿ ನಿನ್ನ ಅಪ್ಪನ ಏಟಿಗೆ ಹೋಗಿದೆ, ಇನ್ನೊಂದು ಚೆನ್ನಾಗಿದೆ ಬೇಟಿ.

ನಾನು ಹಿಂತಿರುಗಿ ಬರಲಿಲ್ಲ. ನಿನ್ನ ಮನೆಯಲ್ಲಿ ನಿನ್ನನ್ನು ಸುಳ್ಳಿ ಎಂದು ತೋರಿಸುವುದು ನನ್ನಿಂದ ಆಗಲಿಲ್ಲ. ಆಮೇಲೆ ಬಸ್ಸಿನಲ್ಲಿ ಕೂತು ಅದು ತಪ್ಪಾಯಿತು ಎನ್ನಿಸಿತು. ಕೂಗಬೇಕಿತ್ತು.

ಆ ಕಾಗದಗಳನ್ನು ನೀನು ಅತ್ತಿಗೆಗೆ ಓದಿಲ್ಲ. ಇದನ್ನು ಏಕಾಂತಣ್ಣನಿಗೆ ನಾನು ಹೇಳಿಲ್ಲ. ಅವರು ದಿನಾ ಬೆಳಿಗ್ಗೆ ಹನ್ನೊಂದಕ್ಕೆ ಜಗಲಿಗೆ ಬರಬೇಕೆನ್ನುತ್ತಾರೆ. ನಾಲ್ಕು ಹೆಜ್ಜೆಗೆ ಕಾಲು ಗಂಟೆ ಬೇಕು. ಪುಟ್ಟಪ್ಪ ಈಗ ನಮ್ಮ ಬೀದಿ ತಪ್ಪಿಸಿ ಹಿಂದಿನ ಓಣಿಯಿಂದ ಹೋಗುತ್ತಾನೆ. ಪಾಪ, ಅವನಿಗೂ ಆ ಮುಖ ನೋಡಲಾಗುವುದಿಲ್ಲವಂತೆ.

ಏಕಾಂತಣ್ಣನಿಗೆ ನುಂಗುವುದು ಕಷ್ಟವಾಗಿದೆ. ವಿಶಾಲಮ್ಮ ಅನ್ನ ಕಿವುಚಿ ಕೊಡುತ್ತಾರೆ. ಶಿವಮೊಗ್ಗಕ್ಕೂ ಭದ್ರಾವತಿಗೂ ಹನ್ನೆರಡು ಮೈಲಿ. ಇನ್ನು ನೀನು ತಿಳಿದ ಹಾಗೆ ಮಾಡು.

ಪೀರ್ ಬಾಷಾ

•

ದುರ್ಗಿಗುಡಿ, ಶಿವಮೊಗ್ಗ
29 ಜುಲೈ 1961

ಪೀರ್ ಚಾಚಾ ಅವರಿಗೆ,

ಇದು ನಿಮ್ಮ ಕೈ ಸೇರುವ ಮೊದಲೇ ಅಮ್ಮ ಅಲ್ಲಿಗೆ ಬಂದಿರುತ್ತಾರೆ. ಬೆಳಗಿನ ರೈಲಿಗೆ ಹೋದರು. ಅವರು ಒಬ್ಬರೇ ಎಂದೂ ರೈಲು ಹತ್ತಿದವರಲ್ಲ. ನಾನು ಜೊತೆಗೆ ಬರುತ್ತೇನೆ ಎಂದೆ, ಬೇಡ ಎಂದರು.

ನಿಮ್ಮ ಕಾಗದ ಬಂದ ಮೇಲೆ ಮೂರು ವಾರ ಸುಮ್ಮನಿದ್ದೆ. ಸುಮ್ಮನಿದ್ದೆ ಎಂದರೆ ತಪ್ಪು, ದಿನಾ ಇವತ್ತು ಓದುತ್ತೇನೆ ಎಂದುಕೊಳ್ಳುತ್ತಿದ್ದೆ. ನಿನ್ನೆ ಮಗು ನಿದ್ದೆಯಲ್ಲಿ ಕೈ ಬೀಸಿ ಅಮ್ಮನ ಮೂಗಿಗೆ ಹೊಡೆಯಿತು. ಅಮ್ಮ ನಕ್ಕರು, ನಗುತ್ತಲೇ ಇದ್ದಕ್ಕಿದ್ದ ಹಾಗೆ ಅತ್ತರು. ಆಗ ಮೊದಲ ಸಲ ತಾವಾಗಿ ಬಾಯಿ ಬಿಟ್ಟರು.

ನಿಮಗೆ ನನ್ನ ತಮ್ಮ ಮಲ್ಲಿಯ ನೆನಪಿದೆಯಲ್ಲ. ನಾಲ್ಕು ವರ್ಷದವನಿದ್ದಾಗ ಸೋಗಾನೆಯಲ್ಲಿ ಮಾವನ ಮದುವೆಗೆ ಅಮ್ಮ ಅವನನ್ನು ಕರೆದುಕೊಂಡು ಹೋಗಿದ್ದರು. ಆ ಊರಲ್ಲಿ ಮಲೇರಿಯಾ ಇದೆ, ಹೋಗಬೇಡ ಎಂದು ಅಪ್ಪ ಹೇಳಿದ್ದರಂತೆ. ಅಮ್ಮ ಹಟ ಮಾಡಿ ಹೋದರು. ಅಲ್ಲೇ ಜ್ವರ ಹಿಡಿಯಿತು, ಬರುವಾಗ ಮಗುವಿರಲಿಲ್ಲ. ಅಪ್ಪ ಆ ಬಗ್ಗೆ ಒಂದು ಮಾತೂ ಆಡಲಿಲ್ಲವಂತೆ, ಆವತ್ತೂ ಇಲ್ಲ, ಆಮೇಲೂ ಇಲ್ಲ. “ಹದಿನೆಂಟು ವರ್ಷ ಒಳಗೇ ಇಟ್ಕೊಂಡಿದ್ರು ಕಣೇ. ಎಚ್ಚರ ಇದ್ದಾಗ ಬಾಯಿಗೆ ಬರದೇ ಇದ್ದದ್ದು ನಿದ್ದೇಲಿ ಕೈಗೆ ಬಂತು. ಹೋಗು ಅಂದ್ರು. ನಾನು ಹೊಡೆಸಿಕೊಳ್ಳಬೇಕಾದ್ದೇ” ಎಂದರು. ಅದಕ್ಕೇ ಎಬ್ಬಿಸಲಿಲ್ಲ, ಅದಕ್ಕೇ ಯಾರಿಗೂ ಹೇಳಲಿಲ್ಲ. ಕಾಗದದಲ್ಲಿ ಅಪ್ಪ ಅಮ್ಮನ ಬಗ್ಗೆ ಒಂದು ಸಲವೂ ಕೇಳಲಿಲ್ಲ ಎಂದು ನಾನು ಹೇಳುತ್ತ ಬಂದದ್ದಕ್ಕೆ, ತಾವಿಲ್ಲದೆ ಅಪ್ಪನಿಗೆ ನೆಮ್ಮದಿಯಾಗಿದೆ ಎಂದೇ ಅಮ್ಮ ತಿಳಿದಿದ್ದರು.

ನಾನು ಪೆಟ್ಟಿಗೆಯಿಂದ ಕಾಗದಗಳನ್ನು ತೆಗೆದು ಒಂದೊಂದಾಗಿ ಓದಿದೆ. ನಿಮ್ಮದು, ಅಪ್ಪನದು, ಜುಲೈ ತಿಂಗಳದ್ದು ಕೂಡ. ಕಡೆಯದು ಮುಗಿದ ಮೇಲೆ ನಿಮ್ಮ ಮೊದಲ ಕಾಗದದ ತಾರೀಕು ಮತ್ತೆ ಓದು ಎಂದರು. ಓದಿದೆ. “ಜನವರಿ” ಎಂದು ತಾವೂ ಒಮ್ಮೆ ಹೇಳಿಕೊಂಡರು. ಎದ್ದು ಹೋಗಿ ಸೀರೆ ಮಡಚತೊಡಗಿದರು.

ಅವರನ್ನು ಕಾಪಾಡಿದೆ ಎಂದುಕೊಂಡಿದ್ದೆ ಚಾಚಾ. ಮಗುವಿಗೆ ಅಜ್ಜಿ ಬೇಕಿತ್ತು, ನನಗೆ ಅಮ್ಮ ಬೇಕಿತ್ತು, ಅದಕ್ಕೆ ನ್ಯಾಯದ ಬಟ್ಟೆ ತೊಡಿಸಿದೆ. ನೀವು ಬಂದ ದಿನ ಜೋಗುಳ ನನಗೂ ಕೇಳುತ್ತಿತ್ತು.

ಜಗದಾಂಬಾ

•

ದುರ್ಗಿಗುಡಿ, ಶಿವಮೊಗ್ಗ
8 ನವೆಂಬರ್ 1961

ಅಮ್ಮಾ,

ಅಪ್ಪ ತೀರಿಕೊಂಡ ಮೇಲೆ ನಡೆದ ಶಿವಗಣಾರಾಧನೆಯ ದಿನ ಮನೆ ತುಂಬ ಜನ. ನಿಮ್ಮ ಪಕ್ಕದಲ್ಲೇ ಕೂತಿದ್ದರೂ ಕೇಳಲಾಗಲಿಲ್ಲ. ನೀವೂ ನನ್ನ ಮುಖ ನೋಡಲಿಲ್ಲ. ಚಾಚಾ ಇದನ್ನು ನಿಮಗೆ ಓದುತ್ತಾರೆ. ಅವರಿಗೆ ಗೊತ್ತಿಲ್ಲದ್ದು ಇದರಲ್ಲಿ ಏನೂ ಇಲ್ಲ.

ಒಂದೇ ಪ್ರಶ್ನೆ. ಆ ತಿಂಗಳುಗಳ ಬಗ್ಗೆ ಅಪ್ಪ ನಿಮ್ಮನ್ನು ಕೇಳಿದರೇ? ನಾನು ಕಾಗದಗಳನ್ನು ಮುಚ್ಚಿಟ್ಟದ್ದು ಅವರಿಗೆ ತಿಳಿದಿತ್ತೇ? ತಿಳಿದಿದ್ದರೂ ಹೇಳಿ.

ನಿಮ್ಮ ಮಗಳು,
ಜಗದಾಂಬಾ

•

ಹಳೇನಗರ, ಭದ್ರಾವತಿ
26 ನವೆಂಬರ್ 1961

ಜಗದಾಂಬಾಳಿಗೆ ಅಮ್ಮನ ಆಶೀರ್ವಾದ. ನಾನು ಹೇಳಿದ್ದನ್ನು ಹೇಳಿದಷ್ಟೇ ಬರೆಯಬೇಕೆಂದು ಪೀರಣ್ಣನಿಗೆ ಹೇಳಿದ್ದೇನೆ.

ನಾನು ಬಂದ ದಿನ ಅವರು ಜಗಲಿಯ ಮೇಲೇ ಇದ್ದರು. ಹನ್ನೊಂದು ಗಂಟೆ. ನನ್ನನ್ನು ಕಂಡು ಮುಖದಲ್ಲಿ ಏನೂ ಕಾಣಲಿಲ್ಲ. ಆ ಕಾಯಿಲೆ ನಗುವನ್ನೂ ತೆಗೆದುಕೊಂಡಿತ್ತು. ಕಣ್ಣಲ್ಲಿ ಮಾತ್ರ ನೀರು ಬಂತು. ಆ ರಾತ್ರಿ ಮಂಚಕ್ಕೆ ಕಟ್ಟಿದ್ದ ಪಂಚೆ ಬಿಚ್ಚಿದೆ. ಮಣಿಕಟ್ಟು ಸುತ್ತ ಚರ್ಮ ಕಪ್ಪಾಗಿ ಗಟ್ಟಿಯಾಗಿತ್ತು. ಕಟ್ಟು ಕಟ್ಟು ಎಂದು ಹಟ ಹಿಡಿದರು, ನಾನು ಕೇಳಲಿಲ್ಲ.

ಪೀರಣ್ಣನ ಹತ್ತಿರ ಸನ್ನೆಗಳನ್ನು ಹೇಳಿಸಿಕೊಂಡೆ. ಎತ್ತು, ಇಳಿಸು, ನಿಲ್ಲಿಸು. ಹಲಗೆ ಬಳಪದಲ್ಲಿ ಬರದ ವಿದ್ಯೆ ಐವತ್ತನೇ ವರ್ಷದಲ್ಲಿ ಎರಡು ದಿನಕ್ಕೆ ಬಂತು. ಅವರ ಮಂಚದ ಎಡಕ್ಕೆ ನೆಲದ ಮೇಲೆ ಮಲಗುತ್ತಿದ್ದೆ. ಅವರ ಕೈ ಎದ್ದಾಗ ನಾನೂ ಎದ್ದು ಕೂತು ನೋಡುತ್ತಿದ್ದೆ. ತೋಳು ಅಡ್ಡಕ್ಕೆ ಬೀಸಿ ಹೋಗೇ ಎಂದು ಕೂಗಿದಾಗ, ಲೋಟದಿಂದ ಮಂಚದ ಕಬ್ಬಿಣಕ್ಕೆ ಎರಡು ಸಲ ಬಡಿಯುತ್ತಿದ್ದೆ. ಭಾರ ಇಳಿಯಿತು ಎಂದು ಪೀರಣ್ಣ ಗಂಟೆ ಹೊಡೆಯುತ್ತಿದ್ದನಂತಲ್ಲ, ಹಾಗೆ. ಮೊದಲ ಸಲವೇ ಕೈ ಕೆಳಗಿಳಿಯಿತು. ಆಮೇಲೆ ಬೆಳಗಿನವರೆಗೆ ಒಳ್ಳೆ ನಿದ್ದೆ. ಒಂದು ಲೋಟದ ಕೆಲಸ ಅದು. ನಾನು ವರ್ಷಗಟ್ಟಲೆ ಬಾಯಿ ಮುಚ್ಚಿಕೊಂಡು ಹೊಡೆಸಿಕೊಂಡೆ, ನೀನು ತಿಂಗಳುಗಟ್ಟಲೆ ಕಾಗದ ಮುಚ್ಚಿಟ್ಟೆ. ನಮ್ಮಿಬ್ಬರ ಬುದ್ಧಿಯೂ ಒಂದೇ ನೂಲಿನದು.

ಮಲ್ಲಿಯ ವಿಷಯ ಒಂದು ಮಧ್ಯಾಹ್ನ ನಾನೇ ಕೇಳಿದೆ. ಆ ಸಿಟ್ಟು ನಿಮ್ಮ ಮನಸ್ಸಲ್ಲಿ ಇದೆಯಾ ಎಂದೆ. ದನಿ ಇಷ್ಟೇ ಇಷ್ಟು. ಕಿವಿ ಹತ್ತಿರ ಹಿಡಿದು ಕೇಳಿಸಿಕೊಂಡೆ. “ಇದೆ. ನಿನ್ನ ಮೇಲಲ್ಲ. ಊರಿಗೆಲ್ಲ ಕೈ ಬೀಸಿ ನಿಲ್ಲಿಸ್ತಿದ್ದೋನು, ಆವತ್ತು ಬೇಡ ಅಂತ ಒಂದ್ಸಲ ಅಂದು ಸುಮ್ನಾದೆ. ಅಡ್ಡ ನಿಲ್ಲಲಿಲ್ಲ” ಎಂದರು. ಇಬ್ಬರೂ ಅದೇ ಒಂದು ಕಲ್ಲನ್ನು ಹೊತ್ತಿದ್ದೆವು ಜಗದಾಂಬಾ, ಒಬ್ಬರಿಗೊಬ್ಬರು ಕಾಣದ ಹಾಗೆ. ಕೂತು ಮಾತಾಡಲು ಸಿಕ್ಕಿದ್ದು ಎರಡೂವರೆ ತಿಂಗಳು. ಅದರಲ್ಲೂ ಕಡೆಯ ಮೂರು ವಾರ ಅವರಿಗೆ ಮಾತೇ ಹೊರಡಲಿಲ್ಲ.

ಈಗ ನೀನು ಕೇಳಿದ್ದು. ಕೇಳಿದರು. ನಾನು ಬಂದ ಮೂರನೇ ದಿನವೇ ಕೇಳಿದರು. “ನಾನು ಹಾಕಿಸಿದ ಕಾಗದ ಬರಲಿಲ್ವೇನೇ?”

ಬಂತು, ಅಂಚೆಯಲ್ಲಿ ತಡ ಆಯಿತು ಎಂದೆ.

ಅವರು ಬೀದಿಯ ಕಡೆ ನೋಡಿದರು. “ಪುಟ್ಟಪ್ಪನಿಗೂ ವಯಸ್ಸಾಯ್ತು ಪಾಪ, ಏನೂ ಅನ್ನಬೇಡ ಅವನಿಗೆ” ಎಂದರು. ಅಲ್ಲಿಗೆ ಆ ಮಾತು ಮುಗಿಯಿತು. ಪೀರಣ್ಣ ಅಲ್ಲೇ ಕೂತಿದ್ದ. ಎದ್ದು ಹೊರಗೆ ಹೋದ.

ನಲ್ಲಿ ಬಡಿಯಿತು ಎಂದು ಸುಳ್ಳು ಹೇಳಿದ್ದು ಅವರಿಗೆ ನೋವಾಗಬಾರದು ಎಂದು. ಅಂಚೆಯ ಸುಳ್ಳು ಹೇಳಿದ್ದು ನಿನಗಾಗಿ. ಅವರಿಗೆ ನಿನ್ನ ಮೇಲೆ ಏನೂ ಇರಲಿಲ್ಲ. ನನಗೆ ಇದೆ. ಅದು ಹೋಗುವವರೆಗೆ ನಾನು ಇಲ್ಲೇ ಇರುತ್ತೇನೆ.

ಮಗುವನ್ನು ನೋಡಬೇಕು ಎನ್ನಿಸುತ್ತದೆ. ಸಂಕ್ರಾಂತಿಗೆ ಕರೆದುಕೊಂಡು ಬಾ. ಬರುವಾಗ ಆ ಕಾಗದಗಳನ್ನು ಮರೆಯದೆ ತಗೊಂಡು ಬಾ. ಅವು ನನ್ನವು. ನನಗೆ ಓದಲು ಬರುವುದಿಲ್ಲ, ಇಟ್ಟುಕೊಳ್ಳಲು ಬರುತ್ತದೆ.

ಸುಭದ್ರಮ್ಮ, ಎಡಗೈ ಹೆಬ್ಬೆಟ್ಟು

ಬರೆದವನು: ಪೀರ್ ಬಾಷಾ